ತಕ್ಕಡಿ ಕೋಣೆಯ ಬಾಗಿಲು

ಕುರ್ಚಿ ಎಳೆದುಕೊಳ್ಳಿ, ಮೊಬೈಲು ಮಗುಚಿ ಇಡಿ. ನಾನೀಗ ಹೇಳುವ ಕತೆಯಲ್ಲಿ ಹೀರೋ ಹೊಡೆಯುವುದು ಒಂದೇ ಒಂದು ಡೈಲಾಗ್. ಅಷ್ಟಕ್ಕೇ, ಹನ್ನೆರಡು ವರ್ಷ ಒಂದು ಕಾಲೇಜನ್ನು ಕುಣಿಸಿದ ವಿಲನ್ ಕೂತಲ್ಲೇ ಬೆವೆತು ಕುರ್ಚಿಗೆ ಅಂಟಿಕೊಳ್ಳುತ್ತಾನೆ. ಫೈಟ್ ಇಲ್ಲ, ಹಾಡಿಲ್ಲ, ಡ್ಯೂಪ್ ಇಲ್ಲ. ಇಂಥ ಎಂಟ್ರಿಯನ್ನು ನೀವು ಪರದೆಯ ಮೇಲೂ ನೋಡಿರಲಿಕ್ಕಿಲ್ಲ. ನೋಡಿದ್ದೀವಿ ಅನ್ನುವವರು ಟಿಕೆಟ್ ತೋರಿಸಿ.

ಹೀರೋನನ್ನು ಕಾಲೇಜಿನಲ್ಲಿ ಎಲ್ಲರೂ ಕರೆಯುವುದು ಡಬ್ಬಿಂಗ್ ಅಂತ. ವಿಜ್ಞಾನ ಪದವಿಯ ಕೊನೆಯ ವರ್ಷ. ಓದಿನಲ್ಲಿ ಅಷ್ಟಕ್ಕಷ್ಟೇ; ಆದರೆ ಗಂಟಲಿನಲ್ಲಿ ಮಾತ್ರ ಇಡೀ ಕಾಲೇಜನ್ನೇ ಸಾಕಿಕೊಂಡಿದ್ದ. ಆಫೀಸಿನ ಗುಮಾಸ್ತರು ಆಕಳಿಸಿಕೊಂಡು ಮಾತಾಡುವುದು, ಬಸ್ಸಿನ ಕಂಡಕ್ಟರು ಮೂಗಿನಲ್ಲಿ ಕೂಗುವುದು, ಪ್ರಿನ್ಸಿಪಾಲರು ಮೂರು ಸಲ ಕೆಮ್ಮಿ "ಆತ್ಮೀಯ ವಿದ್ಯಾರ್ಥಿಗಳೇ" ಅನ್ನುವುದು, ಎಲ್ಲವೂ ಅವನ ನಾಲಿಗೆಯ ತುದಿಯಲ್ಲಿದ್ದವು. ಬೆಳಿಗ್ಗೆ ಹಲ್ಲುಜ್ಜುವಾಗ ವಿಲನ್, ತಲೆ ಬಾಚುವಾಗ ಹೀರೋ, ಅಮ್ಮ ಬೈದಾಗ ಹೀರೋನ ನೊಂದ ತಂದೆ.

ಅಮ್ಮನದು ಕಾಲೇಜಿನ ಗೇಟಿನೆದುರಿಗೇ ಜೆರಾಕ್ಸ್ ಮತ್ತು ಬೈಂಡಿಂಗ್ ಅಂಗಡಿ. ಎರಡು ಯಂತ್ರ, ಒಂದು ಕತ್ತರಿಸುವ ಬ್ಲೇಡು, ಗೋಡೆಗೆ ನೇತುಹಾಕಿದ ಸ್ಪೈರಲ್ ಸುರುಳಿಗಳು. ಎರಡು ಯಂತ್ರಗಳ ನಡುವೆ ಒಬ್ಬರೇ ನಿಲ್ಲಬಹುದಾದ ಜಾಗ. ಅಲ್ಲಿ ಅಮ್ಮ ಹತ್ತೊಂಬತ್ತು ವರ್ಷದಿಂದ ನಿಂತಿದ್ದಾಳೆ. ಅವಳದ್ದೊಂದು ಕಟ್ಟುನಿಟ್ಟು: ಕಾಪಿ ಮಾಡುವವರು ಕಾಗದ ಓದಬಾರದು. ಪ್ರೇಮಪತ್ರ ಬಂದರೂ ಅಷ್ಟೇ, ಕೋರ್ಟಿನ ನೋಟಿಸು ಬಂದರೂ ಅಷ್ಟೇ.

"ಲೋ, ಒಂದು ದಿನವಾದ್ರೂ ನಿನ್ನ ಸ್ವಂತ ಗಂಟಲಲ್ಲಿ ಮಾತಾಡೋ," ಅನ್ನುತ್ತಿದ್ದಳು ಅಮ್ಮ. "ನಾನು ಹೆತ್ತ ಮಗ ಹ್ಯಾಗೆ ಮಾತಾಡ್ತಾನೆ ಅಂತ ಮರ್ತೇ ಹೋಗಿದೆ."

"ಸ್ವಂತ ಗಂಟಲಿಗೆ ಮಾರ್ಕೆಟ್ ಇಲ್ಲಮ್ಮ," ಅನ್ನುತ್ತಿದ್ದ ಡಬ್ಬಿಂಗ್, ಗುಮಾಸ್ತರ ಹಾಗೆ ಆಕಳಿಸಿ.

ಇನ್ನು ವಿಲನ್. ರಸಾಯನಶಾಸ್ತ್ರದ ಲ್ಯಾಬು ನೋಡಿಕೊಳ್ಳುವ ಮೇಷ್ಟ್ರು. ಇಸ್ತ್ರಿ ಮಡಿಕೆ ಮುರಿಯದ ಅಂಗಿ, ಮೂಗಿನ ತುದಿಗೆ ಜಾರಿದ ಕನ್ನಡಕ, ಪ್ರತಿ ಮಾತಿಗೂ ಮೊದಲು ಒಂದು ಎಳೆದ "ಹ್ಞಾಂ". ಲ್ಯಾಬಿನ ಮೂಲೆಯಲ್ಲಿ ಒಂದು ಪುಟ್ಟ ಕೋಣೆಯಿತ್ತು. ಪುಡಿ, ಹರಳುಗಳನ್ನು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ತೂಗುವ ತಕ್ಕಡಿಗಳನ್ನು ಗಾಜಿನ ಪೆಟ್ಟಿಗೆಯೊಳಗೆ ಇಟ್ಟ ಕೋಣೆ. ಗಾಳಿ ಆಡಿದರೆ ಮುಳ್ಳು ನಿಲ್ಲುವುದಿಲ್ಲ. ಹಾಗಾಗಿ ಅಲ್ಲಿ ಫ್ಯಾನಿಲ್ಲ, ಕಿಟಕಿಗೆ ಕಾಗದ ಅಂಟಿಸಿದೆ, ಬಾಗಿಲು ಸದಾ ಮುಚ್ಚಿರಬೇಕು. ಇದು ತಕ್ಕಡಿಯ ನಿಯಮ. ಮೇಷ್ಟ್ರು ಇದನ್ನೇ ತಮ್ಮ ನಿಯಮ ಮಾಡಿಕೊಂಡಿದ್ದರು.

ಪ್ರಯೋಗಗಳನ್ನು ಬರೆದಿಡುವ ರೆಕಾರ್ಡ್ ಪುಸ್ತಕಕ್ಕೆ ಅವರ ಸಹಿ ಬೀಳದೆ ಯಾರೂ ಪರೀಕ್ಷೆಗೆ ಕೂರುವಂತಿಲ್ಲ. ಹುಡುಗರ ರೆಕಾರ್ಡುಗಳು ಲ್ಯಾಬಿನ ಮೇಜಿನ ಮೇಲೆ ಒಟ್ಟಿಗೆ ರಾಶಿ ಬೀಳುತ್ತಿದ್ದವು. ಹತ್ತು ನಿಮಿಷದಲ್ಲಿ ಎಲ್ಲಕ್ಕೂ ಸಹಿ. ಹುಡುಗಿಯರು ಮಾತ್ರ ಒಬ್ಬೊಬ್ಬರೇ ತಕ್ಕಡಿ ಕೋಣೆಗೆ ಹೋಗಬೇಕು. "ಹ್ಞಾಂ... ಹುಡುಗೀರ ಅಕ್ಷರ ಚೆಂದ, ಅದರೊಳಗೆ ತಪ್ಪು ಅಡಗಿರುತ್ತೆ. ಕೂತು ನೋಡ್ಬೇಕು," ಅಂತ ವಿವರಣೆ. ಹನ್ನೆರಡು ವರ್ಷ ಇದನ್ನು ಯಾರೂ ಕೇಳಲಿಲ್ಲ. ಪದ್ಧತಿ ಅಂದರೆ ಹಾಗೇ, ಹಳೆಯದಾದಷ್ಟೂ ಮರ್ಯಾದೆ ಜಾಸ್ತಿ.

ಡಬ್ಬಿಂಗ್ ಕೂಡ ಕೇಳಲಿಲ್ಲ. ಅವನು ಅದನ್ನು ಐಟಂ ಮಾಡಿದ.

ವಾರ್ಷಿಕೋತ್ಸವದ ವೇದಿಕೆ. ಮೂಗಿನ ತುದಿಗೆ ಕನ್ನಡಕ ಇಳಿಸಿ, ಕತ್ತು ವಾರೆ ಮಾಡಿ, "ಹ್ಞಾಂ... ಒಬ್ಬೊಬ್ಬರೇ ಬನ್ನಿ. ಬಾಗಿಲು ಹಾಕಿ. ತಕ್ಕಡಿ ಅಲ್ಲಾಡುತ್ತೆ!" ಅಂದ. ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಶಿಳ್ಳೆಯೋ ಶಿಳ್ಳೆ. ಮೊದಲ ಸಾಲಿನಲ್ಲಿದ್ದ ಮೇಷ್ಟ್ರು ತಾವೇ ನಕ್ಕು, ಕಾರ್ಯಕ್ರಮ ಮುಗಿದ ಮೇಲೆ ಬೆನ್ನು ತಟ್ಟಿದರು: "ನನಗಿಂತ ಚೆನ್ನಾಗಿ ನಾನಾಗ್ತೀಯಲ್ಲೋ!" ಆ ಬೆನ್ನು ತಟ್ಟಿದ್ದನ್ನು ಡಬ್ಬಿಂಗ್ ಆರು ತಿಂಗಳು ಹೊತ್ತು ತಿರುಗಿದ.

ಈಗ ಆ ಮಂಗಳವಾರ. ಬಿಸಿಲು ಏರಿತ್ತು, ಮಧ್ಯಾಹ್ನ ಗಣಿತದ ಕಿರುಪರೀಕ್ಷೆಯಿತ್ತು, ಡಬ್ಬಿಂಗ್ ಒಂದಕ್ಷರ ಓದಿರಲಿಲ್ಲ. ಆಫೀಸಿನ ಪಕ್ಕದಲ್ಲಿ ಮೈಕಿನ ಕೋಣೆ. ಅಲ್ಲಿ ಮಾತಾಡಿದರೆ ಪ್ರತಿ ಕಾರಿಡಾರಿನ ಸ್ಪೀಕರಿನಲ್ಲೂ ಕೇಳುತ್ತದೆ. ಅಟೆಂಡರು ಚಹಾಕ್ಕೆ ಹೋದ ಸಮಯ ನೋಡಿ ಒಳಗೆ ನುಗ್ಗಿದ. ಹನ್ನೊಂದು ನಲವತ್ತು. ಮೂರು ಕೆಮ್ಮು. "ಆತ್ಮೀಯ ವಿದ್ಯಾರ್ಥಿಗಳೇ, ನೀರಿನ ಪೈಪು ಒಡೆದಿರುವ ಕಾರಣ ಇಂದು ಮಧ್ಯಾಹ್ನ ತರಗತಿಗಳು..." ಅನ್ನುವಷ್ಟರಲ್ಲಿ ಮೈಕಿಗೆ ಹೊದಿಸಿದ್ದ ಬಟ್ಟೆಯ ಧೂಳು ಮೂಗಿಗೆ ಹೊಕ್ಕಿತು. ಒಂದು ಸೀನು. ಎರಡು. ಮೂರು. ಮೂರನೆಯದರ ಬಾಲಕ್ಕೆ, ತಡೆಯಲಾಗದೆ, ಚಿಕ್ಕಂದಿನ ಅಭ್ಯಾಸದಂತೆ ಒಂದು "ಅಮ್ಮಾ!" ಆಮೇಲೆ ಗಡಿಬಿಡಿಯಿಂದ "...ಇರುವುದಿಲ್ಲ" ಅಂತ ಮುಗಿಸಿ ಓಟ ಕಿತ್ತ.

ಅರ್ಧ ಕಾಲೇಜು ಖಾಲಿಯಾಯಿತು. ಮಾರನೆಯ ದಿನ ನಿಜವಾದ ಪ್ರಿನ್ಸಿಪಾಲರು ನಿಜವಾಗಿ ಮೂರು ಸಲ ಕೆಮ್ಮಿ ಘೋಷಿಸಿದರು: "ಆ ಗಂಟಲು ಯಾರದೂಂತ ಗೊತ್ತಾದ ದಿನ, ಅವನು ಈ ವರ್ಷ ಪರೀಕ್ಷೆ ಬರೆಯೋದಿಲ್ಲ." ಡಬ್ಬಿಂಗ್ ಕೊನೆಯ ಬೆಂಚಿನಲ್ಲಿ ಬೆಕ್ಕಿನಂತೆ ಕೂತಿದ್ದ. ಹುಡುಗರಿಗೆಲ್ಲ ಅನುಮಾನ, ಯಾರ ಬಳಿಯೂ ಸಾಕ್ಷಿ ಇಲ್ಲ.

ಅದೇ ಮಂಗಳವಾರ, ಅದೇ ಹನ್ನೊಂದು ನಲವತ್ತಕ್ಕೆ, ಅವನ ಕ್ಲಾಸಿನ ಒಬ್ಬಳು ರೆಕಾರ್ಡ್ ಹಿಡಿದು ತಕ್ಕಡಿ ಕೋಣೆಯಲ್ಲಿದ್ದಳು. ಕಾಲೇಜಿನ ಹ್ಯಾಂಡ್‌ಬಾಲ್ ತಂಡದ ಗೋಲ್‌ಕೀಪರ್, ಕರೆಯುವುದೂ ಹಾಗೇ. ಆಳೆತ್ತರ, ಅಗಲ ಅಂಗೈ, ಕಡಿಮೆ ಮಾತು. ಅವಳ ರೆಕಾರ್ಡನ್ನು ಮೇಷ್ಟ್ರು ಮೂರು ಸಲ ಸಹಿ ಇಲ್ಲದೆ ವಾಪಸು ಕಳಿಸಿದ್ದರು. ನಾಲ್ಕನೇ ಸಲ ಅವಳು ಬಿಳಿ ಕೋಟಿನ ಜೇಬಿನಲ್ಲಿ ಮೊಬೈಲಿನ ರೆಕಾರ್ಡಿಂಗ್ ಒತ್ತಿಕೊಂಡೇ ಒಳಗೆ ಹೋಗಿದ್ದಳು. ಶುಕ್ರವಾರ ದೂರು ಬರೆದು, ಕಾಪಿ ಮಾಡಿಸಲು ಅಮ್ಮನ ಅಂಗಡಿಗೆ ಬಂದಳು. ಅಮ್ಮ ಓದದೆ ನಾಲ್ಕು ಪ್ರತಿ ತೆಗೆದು, ಅಂಚು ಸರಿಮಾಡಿ, ಪಿನ್ ಹೊಡೆದು ಕೈಗಿತ್ತಳು.

"ಮೂಲ ಪ್ರತಿ ನಿನ್ನ ಹತ್ರಾನೇ ಇರ್ಲಿ ಮಗಳೇ," ಅಂದಳು ಅಷ್ಟೇ. "ಕೊಡುವಾಗ ನಿನ್ನ ಪ್ರತಿ ಮೇಲೆ ತಲುಪಿದೆ ಅಂತ ಸಹಿ ಹಾಕಿಸ್ಕೋ."

ಕಾಲೇಜಿನಲ್ಲಿ ಇಂಥ ದೂರು ಕೇಳುವುದಕ್ಕೆ ಒಂದು ಸಮಿತಿ ಇತ್ತು. ನೋಟಿಸ್ ಬೋರ್ಡಿನ ಮೂಲೆಯಲ್ಲಿ ಅದರ ಹೆಸರು ಬಿಸಿಲಿಗೆ ಬಿಳಿಚಿಕೊಂಡಿತ್ತು. ಅಧ್ಯಕ್ಷೆ ಗಣಿತದ ಮೇಡಂ. ಹೊರಗಿನ ಸದಸ್ಯೆಯಾಗಿ ಒಬ್ಬ ವಕೀಲೆ. ಅವರು ಮೇಷ್ಟ್ರನ್ನು ಕರೆಸಿ ರೆಕಾರ್ಡಿಂಗ್ ಕೇಳಿಸಿದರು. "ಹ್ಞಾಂ... ಸಂಜೆ ಒಬ್ಳೇ ಬಾ. ಇಪ್ಪತ್ತಕ್ಕೆ ಇಪ್ಪತ್ತು. ಬರ್ದೇ ಇದ್ರೆ ಮುಂದಿನ ವರ್ಷವೂ ಇದೇ ಬೆಂಚು." ಆಮೇಲೆ ಹುಡುಗಿಯ ಧ್ವನಿ, ಒಂದಿಷ್ಟೂ ನಡುಗದೆ: "ಕೈ ತೆಗೀರಿ ಸಾರ್."

ಮೇಷ್ಟ್ರು ಕನ್ನಡಕ ಒರೆಸಿಕೊಂಡು ಶಾಂತವಾಗಿ ಹೇಳಿದರಂತೆ: "ಇದು ನಾನಲ್ಲ ಮೇಡಂ. ಆ ಜೆರಾಕ್ಸ್ ಅಂಗಡಿ ಹುಡುಗ. ವಾರ್ಷಿಕೋತ್ಸವದಲ್ಲಿ ನೀವೇ ಕೇಳಿದ್ದೀರಿ, ನೀವೇ ನಕ್ಕಿದ್ದೀರಿ."

ಸಮಿತಿಯಿಂದ ಡಬ್ಬಿಂಗ್‌ಗೆ ಚೀಟಿ ಬಂತು: ಬುಧವಾರ ಹನ್ನೊಂದಕ್ಕೆ ಹಾಜರಾಗಬೇಕು. ಮೊದಲು ಅವನಿಗೆ ಪುಳಕವೇ ಆಯಿತು, ಕೊನೆಗೂ ಕೋರ್ಟ್ ದೃಶ್ಯ! ಏನಂತೆ, "ನಾನಲ್ಲ" ಅಂದರಾಯಿತು. ಎರಡು ನಿಮಿಷದ ಪಾತ್ರ.

ಮಂಗಳವಾರ ಸಂಜೆ ಗೋಲ್‌ಕೀಪರ್ ಅಂಗಡಿಗೆ ಬಂದಳು. ಕೈಯಲ್ಲಿ ಆಟದ ಬೂಟು, ಮಂಡಿಗೆಲ್ಲ ಮಣ್ಣು.

"ಡಬ್ಬಿಂಗ್, ನಾಳೆ ಏನು ಹೇಳ್ತೀಯ?"

ಅವನು ಎದೆ ಸೆಟೆಸಿ, ಹೀರೋ ಗಂಟಲಿನಲ್ಲಿ, "ತಂಗಿ, ಈ ಅಣ್ಣ ಇರೋವರೆಗೂ..." ಅಂದ.

"ನಾನು ನಿನಗಿಂತ ಆರು ತಿಂಗಳು ದೊಡ್ಡೋಳು. ಅಣ್ಣ ಗಿಣ್ಣ ಆಮೇಲೆ. ಇದನ್ನ ಕೇಳು." ಇಯರ್‌ಫೋನಿನ ಒಂದು ತುದಿ ಕೊಟ್ಟಳು.

ಕೇಳಿದ. ಮೇಷ್ಟ್ರ ಧ್ವನಿ. ಅದರ ಹಿಂದೆ, ದೂರದಲ್ಲಿ, ಕಾರಿಡಾರಿನ ಸ್ಪೀಕರು. ಮೂರು ಕೆಮ್ಮು. ನೀರಿನ ಪೈಪು. ಮೇಷ್ಟ್ರು "ಇಪ್ಪತ್ತಕ್ಕೆ ಇಪ್ಪತ್ತು" ಅನ್ನುವ ಹೊತ್ತಿಗೆ ಸರಿಯಾಗಿ ಮೂರು ಸೀನು, ಒಂದು "ಅಮ್ಮಾ".

ಡಬ್ಬಿಂಗ್ ಇಯರ್‌ಫೋನು ಕಿತ್ತು ವಾಪಸು ಕೊಟ್ಟ.

"ನಲವತ್ತು ಸಲ ಕೇಳಿದೀನಿ," ಅಂದಳು ಅವಳು. "ಒಂದು ಬಾಯಲ್ಲಿ ಒಂದೇ ಹೊತ್ತಿಗೆ ಎರಡು ಮಾತು ಬರಲ್ಲ. ಮೈಕಲ್ಲಿದ್ದೋನು ನೀನಾದ್ರೆ, ಕೋಣೆಯಲ್ಲಿದ್ದೋನು ನೀನಲ್ಲ. ಆದ್ರೆ ಮೈಕಲ್ಲಿದ್ದೋನು ನೀನೇ ಅಂತ ನೀನೇ ಹೇಳ್ಬೇಕು."

"ಹೇಳಿದ್ರೆ ನನ್ನ ಪರೀಕ್ಷೆ?"

"ಗೊತ್ತು. ಅದಕ್ಕೇ ನಾನು ಹೇಳಲ್ಲ. ಅದು ನಿನ್ನ ಪರೀಕ್ಷೆ. ನನ್ನ ದೂರು ನಾನು ನಿಭಾಯಿಸ್ತೀನಿ, ಇನ್ನೂ ಆರು ಜನ ಮಾತಾಡೋಕೆ ಒಪ್ಪಿದಾರೆ. ಆದ್ರೆ ನನ್ನ ರೆಕಾರ್ಡಿಂಗೇ ನಾಟಕ ಅಂತಾದ್ರೆ, ಅವರು ಬಾಯಿ ತೆರೀತಾರಾ?" ಹೊರಟವಳು ಮೆಟ್ಟಿಲ ಮೇಲೆ ನಿಂತು ತಿರುಗಿದಳು. "ಒಂದು ಕೇಳ್ಲಾ? ಆವತ್ತು ನೀನು ಆ ಐಟಂ ಮಾಡಿದಾಗ ಹುಡುಗೀರು ಯಾರಾದ್ರೂ ನಕ್ರಾ? ಗಮನಿಸಿದ್ಯಾ?"

ಅವನು ಗಮನಿಸಿರಲಿಲ್ಲ. ಅವಳು ಹೋದ ಮೇಲೆ ಆ ಸಭಾಂಗಣವನ್ನು ನೆನಪಿನಲ್ಲಿ ಮತ್ತೆ ಓಡಿಸಿದ. ಎಡಗಡೆ ಶಿಳ್ಳೆ, ಕುಣಿತ. ಬಲಗಡೆಯ ಸಾಲುಗಳಲ್ಲಿ ಯಾರೋ ತಲೆ ಬಗ್ಗಿಸಿ ಉಗುರು ನೋಡಿಕೊಳ್ಳುತ್ತಿದ್ದರು. ಯಾರೋ ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಲೇ ಇದ್ದರು.

"ಹುಡುಗರ ರೆಕಾರ್ಡು ಬೈಂಡಿಂಗಿಗೆ ಸೋಮವಾರ ಬರುತ್ತೆ," ಅಂದಳು ಅಮ್ಮ, ಬ್ಲೇಡಿನ ಕೆಳಗೆ ಕಾಗದ ಸರಿಸುತ್ತ. ಅವಳು ಅಲ್ಲೇ ಇದ್ದಳು, ಎರಡು ಯಂತ್ರಗಳ ನಡುವೆ. "ಹುಡುಗೀರದ್ದು ಶುಕ್ರವಾರ. ವರ್ಷಾ ವರ್ಷಾ. ನಾನು ಓದಲ್ಲ ಕಣೋ, ಆದ್ರೆ ವಾರ ಎಣಿಸೋಕೆ ಬರುತ್ತೆ. ಕೇಳ್ಬೇಕಿತ್ತು. ಕೇಳ್ಲಿಲ್ಲ."

ಡಬ್ಬಿಂಗ್ ಗೋಡೆಯ ಸ್ಪೈರಲ್ ಸುರುಳಿಯೊಂದನ್ನು ಎಳೆದು ಬಿಟ್ಟ.

"ಮತ್ತೆ ಇನ್ನೊಂದು. ಆ ಸ್ಪೀಕರು ಗೇಟು ದಾಟಿ ಇಲ್ಲಿಗೂ ಕೇಳುತ್ತೆ. ಪ್ರಿನ್ಸಿಪಾಲರು ಮೂರು ಸಲ ಸೀನಿ ನನ್ನ ಯಾಕಪ್ಪಾ ಕರೀತಾರೆ ಅಂತ ನಾನು ಆವತ್ತೇ ಅಂದ್ಕೊಂಡೆ." ಬ್ಲೇಡು ಕರಕ್ಕೆಂದಿತು. "ಹೆತ್ತೋಳಿಗೆ ಸೀನು ಗೊತ್ತಾಗಲ್ವಾ, ದಂಡಪಿಂಡ?"

ಈಗ ಕ್ಲೈಮ್ಯಾಕ್ಸ್. ಬೆಲ್ಟು ಬಿಗಿ ಮಾಡಿಕೊಳ್ಳಿ.

ಬುಧವಾರ ಹನ್ನೊಂದು ಗಂಟೆ. ಸಮಿತಿಯ ಕೋಣೆಯ ಎರಡೂ ಬಾಗಿಲು ಒಟ್ಟಿಗೆ ತೆರೆದುಕೊಂಡವು. ಹಿಂದಿನಿಂದ ಬೆಳಕು, ಮುಂದೆ ಡಬ್ಬಿಂಗನ ನೆರಳು. ನೆಲದ ಮೇಲೆ ಟಕ್, ಟಕ್, ಟಕ್. ಮೇಷ್ಟ್ರ ಕನ್ನಡಕ ಮೂಗಿನಿಂದ ತಾನೇ ಜಾರಿತು. ಅವನು ಮೇಜಿನ ಮೇಲೆ ಒಂದು ಬೆರಳಿಟ್ಟು, ತಗ್ಗಿದ ಗಂಟಲಿನಲ್ಲಿ ಹೇಳಿದ: "ಮೇಷ್ಟ್ರೇ, ನಿಮ್ಮ ಧ್ವನಿ ಕದಿಯೋಕೆ ನನಗೆ ಬರುತ್ತೆ. ನಿಮ್ಮ ಪಾಪ ಕದಿಯೋಕೆ ನನ್ನಿಂದಲೂ ಆಗಲ್ಲ!" ಮೇಷ್ಟ್ರು ಕುಸಿದರು. ಫ್ಯಾನು ನಿಂತಿತು. ಗಣಿತದ ಮೇಡಂ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಇಲ್ಲಿಗೆ ಪರದೆ ಎಳೆದಿದ್ದರೆ ಚೆನ್ನಾಗಿತ್ತು. ಆದರೆ ಈ ಕತೆಯನ್ನು ಗೋಲ್‌ಕೀಪರ್ ಓದುತ್ತಾಳೆ. ಅವಳನ್ನು ದಾಟಿ ಬಾಲು ಒಳಗೆ ಹೋದದ್ದನ್ನು ನಾನಂತೂ ನೋಡಿಲ್ಲ. ಹಾಗಾಗಿ ನಡೆದದ್ದನ್ನೇ ಹೇಳಿಬಿಡುತ್ತೇನೆ.

ಬಾಗಿಲು ಒಂದೇ ಇತ್ತು. ಅದೂ ಕಿರುಗುಟ್ಟುತ್ತಿತ್ತು. ಚಪ್ಪಲಿ ಹೊರಗೆ ಬಿಡಬೇಕೋ ಬೇಡವೋ ಅಂತ ಡಬ್ಬಿಂಗ್ ಹೊಸ್ತಿಲಲ್ಲೇ ಒಂದು ನಿಮಿಷ ಒದ್ದಾಡಿದ. ಒಳಗೆ ಗಣಿತದ ಮೇಡಂ, ವಕೀಲೆ, ಮೇಜಿನ ಆ ತುದಿಯಲ್ಲಿ ಮೇಷ್ಟ್ರು, ಈ ತುದಿಯಲ್ಲಿ ಗೋಲ್‌ಕೀಪರ್. ಮೇಷ್ಟ್ರ ಎದುರು ಕೂರಲು ಇಷ್ಟವಿಲ್ಲದಿದ್ದರೆ ಬೇರೆ ಹೊತ್ತಿಗೆ ಕರೆಸುತ್ತೇವೆ ಅಂತ ಮೇಡಂ ಅವಳಿಗೆ ಮೊದಲೇ ಹೇಳಿದ್ದರು. "ನಾನು ಇರ್ತೀನಿ ಮೇಡಂ," ಅಂದಿದ್ದಳು.

"ಹೋದ ವಾರ ಮಂಗಳವಾರ ಹನ್ನೊಂದು ನಲವತ್ತಕ್ಕೆ ಎಲ್ಲಿದ್ದೆಯಪ್ಪ?" ಅಂತ ಕೇಳಿದರು ವಕೀಲೆ.

ಕನ್ನಡಿಯ ಮುಂದೆ ಉರು ಹೊಡೆದ ಡೈಲಾಗು ಹೊಟ್ಟೆಯಲ್ಲೆಲ್ಲೋ ಸಿಕ್ಕಿಕೊಂಡಿತು. ಕಣ್ಣೆದುರು ಪರೀಕ್ಷೆಯ ಹಾಲ್ ಟಿಕೆಟ್ ಮಾತ್ರ ಕಂಡಿತು.

"ಕ್ಯಾಂಟೀನಲ್ಲಿ," ಅಂದ, ಗುಮಾಸ್ತರ ಗಂಟಲಿನಲ್ಲಿ.

"ಯಾರ ಜೊತೆ?"

"ಒಬ್ನೇ."

"ಹ್ಞಾಂ..." ಅಂದರು ಮೇಷ್ಟ್ರು, ಮೆಲ್ಲಗೆ ನಗುತ್ತ. "ಕೇಳಿದ್ರಲ್ಲ ಮೇಡಂ. ಒಬ್ನೇ ಅಂತೆ."

ಗೋಲ್‌ಕೀಪರ್ ಅವನನ್ನು ಒಂದೇ ಸಲ ನೋಡಿದಳು. ಬಾಯಿ ಬಿಟ್ಟಿದ್ದರೆ ಮುಗಿಯುತ್ತಿತ್ತು. ಬಿಡಲಿಲ್ಲ. ಕೊಟ್ಟ ಮಾತು ಕೊಟ್ಟ ಮಾತೇ ಅನ್ನುವಂತೆ ತನ್ನ ಪುಸ್ತಕದಲ್ಲಿ ಏನೋ ಬರೆದುಕೊಂಡು ಪೆನ್ನಿನ ಮುಚ್ಚಳ ಹಾಕಿದಳು.

ಅವನನ್ನು ಹೊರಗೆ ಕಳಿಸಿದರು. ಕಾರಿಡಾರಿನ ಬೆಂಚಿನ ಮೇಲೆ ಆರು ಹುಡುಗಿಯರು ಕೂತಿದ್ದರು, ಪ್ರತಿಯೊಬ್ಬಳ ತೊಡೆಯ ಮೇಲೂ ಅಮ್ಮ ಬೈಂಡ್ ಮಾಡಿದ ನೀಲಿ ರಟ್ಟಿನ ರೆಕಾರ್ಡು. ಬಲಗಡೆಯ ಸಾಲುಗಳಲ್ಲಿ ನಗದೆ ಕೂತಿದ್ದವರು. ನೀರಿನ ಬಾಟಲಿಯ ಹುಡುಗಿಯೂ ಇದ್ದಳು, ಮುಚ್ಚಳ ತಿರುಗಿಸುತ್ತಿದ್ದಳು.

"ಹೇಳಿದ್ಯಾ?" ಅಂತ ಕೇಳಿದಳು ಅವಳು.

ಅವನು ಹೂಂ ಅಂತ ತಲೆಯಾಡಿಸಿದ. ನೋಡಿ, ಅರ್ಧ ನಿಮಿಷದಲ್ಲಿ ಎರಡನೇ ಸುಳ್ಳು. ತಲೆಯಾಡಿಸಿ ಮೆಟ್ಟಿಲ ಕಡೆ ನಡೆದ.

"ಥ್ಯಾಂಕ್ಸ್ ಕಣೋ," ಅಂದಳು ಅವಳು ಹಿಂದಿನಿಂದ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದ, ಬೈಗುಳಕ್ಕೆ ಅವನ ಬಳಿ ನೂರು ಡೈಲಾಗಿದ್ದವು. ಥ್ಯಾಂಕ್ಸಿಗೆ ಒಂದೂ ಇರಲಿಲ್ಲ. ಮೂರು ಮೆಟ್ಟಿಲು ಇಳಿದ. ನಿಂತ. ತಿರುಗಿ ಹತ್ತಿ ಬಂದು, ಕಿರುಗುಟ್ಟುವ ಬಾಗಿಲನ್ನು ತಳ್ಳಿ, ತಲೆ ಮಾತ್ರ ಒಳಗೆ ಹಾಕಿದ.

"ಮೇಡಂ, ನಾನು ಸುಳ್ಳು ಹೇಳ್ದೆ. ಕ್ಯಾಂಟೀನಲ್ಲಿರ್ಲಿಲ್ಲ. ಮೈಕಿನ ಕೋಣೆಯಲ್ಲಿದ್ದೆ. ಆ ರಜಾ ಹೇಳಿದ್ದು ನಾನೇ."

ಎಲ್ಲರೂ ಒಟ್ಟಿಗೆ ಬಾಗಿಲ ಕಡೆ ತಿರುಗಿದರು. ತಪ್ಪೊಪ್ಪಿಕೊಂಡದ್ದಕ್ಕಲ್ಲ. ಆ ಧ್ವನಿಯನ್ನು ಅಲ್ಲಿ ಯಾರೂ ಅದುವರೆಗೆ ಕೇಳಿರಲಿಲ್ಲ. ತೆಳ್ಳಗೆ, ಒಂದಿಷ್ಟು ಒಡಕು, ಹಿಂದೆ ಮುಂದೆ ಮ್ಯೂಸಿಕ್ಕಿಲ್ಲ.

ಗೋಲ್‌ಕೀಪರ್ ರೆಕಾರ್ಡಿಂಗನ್ನು ಮತ್ತೆ ಹಾಕಿದಳು. ಮೊದಲೇ ಸಿದ್ಧಮಾಡಿಕೊಂಡಿದ್ದವಳಂತೆ ಬ್ಯಾಗಿನಿಂದ ಪುಟ್ಟ ಸ್ಪೀಕರು ತೆಗೆದು ಜೋಡಿಸಿದಳು. ಮೇಷ್ಟ್ರ "ಇಪ್ಪತ್ತಕ್ಕೆ ಇಪ್ಪತ್ತು", ಅದರ ಮೇಲೇ ಮೂರು ಸೀನು, ಆ "ಅಮ್ಮಾ". ಅದೇ ತೆಳ್ಳಗಿನ, ಅದೇ ಒಡಕು ಧ್ವನಿ.

ಗಣಿತದ ಮೇಡಂ ಎರಡು ಸಲ ಕೇಳಿದರು. ಮೂರನೇ ಸಲ ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಮೇಷ್ಟ್ರ ಕಡೆ ತಿರುಗಿ, "ಈಗ ಹೇಳಿ ಸಾರ್," ಅಂದರು.

ಮೇಷ್ಟ್ರು "ಹ್ಞಾಂ" ಅಂತ ಶುರು ಮಾಡಿ, ತಮ್ಮ ಧ್ವನಿ ತಮಗೇ ಕೇಳಿಸಿ, ಬಾಯಿ ಮುಚ್ಚಿಕೊಂಡರು.

ಆಮೇಲೆ ಆರು ಜನ ಒಬ್ಬೊಬ್ಬರಾಗಿ ಒಳಗೆ ಹೋದರು, ಮೇಷ್ಟ್ರನ್ನು ಹೊರಗೆ ಕಳಿಸಿದ ಮೇಲೆ. ಬಾಗಿಲು ಹಾಕಬೇಕೋ ತೆರೆದಿಡಬೇಕೋ ಅಂತ ಮೇಡಂ ಪ್ರತಿಯೊಬ್ಬಳನ್ನೂ ಕೇಳಿದರು. ನೀರಿನ ಬಾಟಲಿಯವಳು "ತೆರೆದಿಡಿ" ಅಂದಳಂತೆ, ಬಾಟಲಿಯನ್ನು ಬೆಂಚಿನ ಮೇಲೆಯೇ ಬಿಟ್ಟು ಹೋದಳಂತೆ. ಗೆಲ್ಲಿಸಿದ್ದು ಆ ಆರು ಜನ ಮತ್ತು ಅವರನ್ನು ಕೂಡಿಸಿದ ಒಬ್ಬಳು. ಡಬ್ಬಿಂಗನದು ಗೆಸ್ಟ್ ರೋಲ್. ಅದನ್ನೂ ಒಂದೇ ಟೇಕಿನಲ್ಲಿ ಮಾಡಲಿಲ್ಲ.

ಮೇಷ್ಟ್ರನ್ನು ಆ ವಾರವೇ ಲ್ಯಾಬಿನಿಂದ ದೂರ ಇಟ್ಟರು. ವಿಚಾರಣೆ ಮುಗಿದ ಮೇಲೆ ಕೆಲಸದಿಂದಲೇ ತೆಗೆದರು. ಈಗ ಎಲ್ಲರ ರೆಕಾರ್ಡುಗಳಿಗೂ ಸಹಿ ಬೀಳುವುದು ಲ್ಯಾಬಿನ ಮಧ್ಯದ ಮೇಜಿನಲ್ಲಿ, ಎಲ್ಲರ ಎದುರಿಗೆ. ತಕ್ಕಡಿ ಕೋಣೆಯ ಬಾಗಿಲಿಗೆ ಆಳೆತ್ತರದ ಗಾಜು ಕೂರಿಸಿದ್ದಾರೆ. ಗಾಳಿ ಒಳಗೆ ಹೋಗುವುದಿಲ್ಲ, ಕಣ್ಣು ಹೋಗುತ್ತದೆ. ಮುಳ್ಳು ನೆಟ್ಟಗೆ ನಿಲ್ಲುತ್ತದೆ. ನೋಟಿಸ್ ಬೋರ್ಡಿನ ಬಿಳಿಚಿದ ಕಾಗದವನ್ನು ಅಮ್ಮ ಹೊಸದಾಗಿ ದೊಡ್ಡ ಅಕ್ಷರದಲ್ಲಿ ಮುದ್ರಿಸಿಕೊಟ್ಟಳು. ಅದನ್ನು ಮಾತ್ರ ಓದಿದಳು, ಎರಡು ಸಲ.

ಪ್ರಿನ್ಸಿಪಾಲರು ಡಬ್ಬಿಂಗನ ಪರೀಕ್ಷೆ ತಪ್ಪಿಸಲಿಲ್ಲ. ಒಂದು ತಿಂಗಳು ಮೈಕಿನ ಕೋಣೆಯ ಧೂಳು ಒರೆಸುವ ಶಿಕ್ಷೆ, ಜೊತೆಗೆ ಅದೇ ಮೈಕಿನಲ್ಲಿ ಕ್ಷಮಾಪಣೆ, ಸ್ವಂತ ಧ್ವನಿಯಲ್ಲಿ. ರಜಾಕ್ಕಾಗಿ ಪ್ರಿನ್ಸಿಪಾಲರ ಕ್ಷಮೆ ಕೇಳಿದ. ಆ ಐಟಂಗಾಗಿ ಬಲಗಡೆಯ ಸಾಲುಗಳ ಕ್ಷಮೆಯನ್ನೂ ಕೇಳಿದ. ಅದನ್ನು ಯಾರೂ ಬರೆದುಕೊಟ್ಟಿರಲಿಲ್ಲ. ಗೇಟಿನಾಚೆ ಅಮ್ಮ ಎರಡೂ ಯಂತ್ರ ನಿಲ್ಲಿಸಿ ಕೇಳಿದಳಂತೆ. ಸಂಜೆ ಮನೆಯಲ್ಲಿ, "ಹಿಂಗಾ ಮಾತಾಡೋದು ನೀನು? ಪರ್ವಾಗಿಲ್ಲ, ಚೆನ್ನಾಗಿದೆ," ಅಂದಳು.

ಇನ್ನೊಂದು ಉಳಿದಿದೆ, ಅದನ್ನೂ ಹೇಳಿಬಿಡುತ್ತೇನೆ. ಮೂರು ಮೆಟ್ಟಿಲು ಇಳಿದು ತಿರುಗಿದ ಅಂದೆನಲ್ಲ, ಅದು ಸುಳ್ಳು. ಅಲ್ಲಿರುವುದು ಹದಿನೇಳು ಮೆಟ್ಟಿಲು. ಹದಿನೇಳನ್ನೂ ಇಳಿದು, ಕೆಳಗಿನ ಬಾಗಿಲು ದಾಟಿ, ಗೇಟಿನವರೆಗೂ ಹೋಗಿದ್ದೆ ನಾನು.